ಗಿಣಿಯ ಬಣ್ಣ

ಜನವರಿ 9

ಸ್ಪ್ಯಾನರ್ ಮೇಡಂ ಅವರಿಗೆ ಭಾವನ ನಮಸ್ಕಾರ.

ನಿಮ್ಮಕ್ಕ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ಗಿಣಿಗೆ ಮಾತ್ರ ಬ್ರೇಕ್ ಹಿಡಿಯುತ್ತಿಲ್ಲ.

ಮಾರ್ಚ್‌ನಲ್ಲಿ ಹಳೇ ಕಾರುಗಳ ಪ್ರದರ್ಶನವಿದೆ. ಈ ಸಲ ಗಿಣಿಯನ್ನು ‘ಮುಟ್ಟದ ವರ್ಗ’ಕ್ಕೆ ಹಾಕಿದ್ದೇನೆ. ಕಾರ್ಖಾನೆಯಿಂದ ಹೊರಬಂದಾಗ ಮೈ ಹೇಗಿತ್ತೋ ಈಗಲೂ ಹಾಗೇ ಇರುವ ಕಾರುಗಳಿಗೆ ಮಾತ್ರ ಅಲ್ಲಿ ಜಾಗ. ಎಂಜಿನ್ನು, ಬ್ರೇಕು ರಿಪೇರಿ ಮಾಡಿಸಬಹುದು. ಬಣ್ಣ ಮಾತ್ರ ಮೊದಲಿನದೇ ಆಗಿರಬೇಕು. ಬೆರಳಗಲ ಹೊಸ ಬಣ್ಣ ಕಂಡರೂ ಹೊರಗೆ ಕಳಿಸುತ್ತಾರೆ. ಅರುವತ್ತು ವರ್ಷ ದಾಟಿದ ರೇಸ್ ಕಾರು, ಹುಟ್ಟಿದ ದಿನದ ಬಣ್ಣದಲ್ಲೇ ಇದೆ ಎಂದರೆ ಸುಮ್ಮನೆ ಮಾತಲ್ಲ. ಅದಕ್ಕೇ ತಾನೇ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು.

ಬ್ರೇಕ್‌ಗೆ ಇಲ್ಲಿ ಒಬ್ಬನನ್ನು ಕರೆಸಿದ್ದೆ. ಮಹಾಶಯ ಬಂದವನೇ ಸುತ್ತಿಗೆ ಎತ್ತಿಕೊಂಡ. ಬಾಗಿಲು ತೋರಿಸಿದೆ. ಮಾವನವರು ತಮ್ಮ ಕೈಕಸುಬನ್ನು ನಿನಗೊಬ್ಬಳಿಗೇ ಕಲಿಸಿ ಹೋಗಿದ್ದಾರೆ, ನಾನೇನು ಮಾಡಲಿ. ನೀನು ನನ್ನ ಜೊತೆ ಮಾತು ಬಿಟ್ಟಿರುವುದು ಗೊತ್ತು. ಮಾತು ಆಡಬೇಡ, ಬ್ರೇಕ್ ಮಾಡಿಕೊಡು.

ಸೋಮವಾರ ಲಾರಿಯಲ್ಲಿ ಕಳಿಸುತ್ತೇನೆ. ಸೀಟಿನ ಮೇಲೆ ಒಂದು ಡಬ್ಬಿ ಬಿಳಿ ಹತ್ತಿಯ ಕೈಗವಸು ಇಟ್ಟಿದ್ದೇನೆ. ಬಾನೆಟ್ ಎತ್ತುವಾಗ, ತಳ್ಳುವಾಗ ಹಾಕಿಕೋ. ಬೆವರಿನಲ್ಲಿ ಉಪ್ಪಿರುತ್ತದೆ, ಉಪ್ಪು ಬಣ್ಣವನ್ನು ತಿನ್ನುತ್ತದೆ. ಬೇಜಾರು ಮಾಡಿಕೊಳ್ಳಬೇಡ. ಬರಿಗೈಯಲ್ಲಿ ಮುಟ್ಟಲು ನಾನು ಯಾರಿಗೂ ಬಿಟ್ಟಿಲ್ಲ. ನಿಮ್ಮಪ್ಪನಿಗೇ ಬಿಟ್ಟಿರಲಿಲ್ಲ.

ನಿನ್ನ ಭಾವ


ಜನವರಿ 17

ಭಾವನವರಿಗೆ,

ಕಾರು ಬಂದು ತಲುಪಿದೆ. ಹಿಂದಿನ ಎಡ ಚಕ್ರದಲ್ಲಿ ಬ್ರೇಕ್ ಎಣ್ಣೆ ಸೋರುತ್ತಿದೆ, ಬ್ರೇಕ್ ಶೂಗಳು ಎಣ್ಣೆ ಕುಡಿದು ನುಣ್ಣಗಾಗಿವೆ. ಹೊಸ ಲೈನಿಂಗ್ ಅಂಟಿಸುತ್ತೇನೆ. ರಬ್ಬರ್ ಸೀಲುಗಳನ್ನು ಇಲ್ಲೇ ಕಡೆದು ಮಾಡಬೇಕು, ಸ್ವಲ್ಪ ಸಮಯ ಹಿಡಿಯುತ್ತದೆ.

ಕೈಗವಸು ಹಾಕಿಕೊಂಡೇ ಬಾನೆಟ್ ಎತ್ತಿದೆ. ನಿಮ್ಮ ಕಾರಿನ ಬಣ್ಣಕ್ಕೆ ನನ್ನ ಕೈಯಿಂದ ಏನೂ ಆಗುವುದಿಲ್ಲ. ಇದು ನನ್ನ ಮಾತು.

ಅಪ್ಪನಿಗೇ ಬಿಟ್ಟಿರಲಿಲ್ಲ ಎಂದು ಬರೆದಿದ್ದೀರಿ. ನನಗೂ ನೆನಪಿದೆ.

ನಿಮ್ಮ ನಾದಿನಿ


ಜನವರಿ 21

ಅಕ್ಕಾ,

ಫೋನ್ ಮಾಡಿದರೆ ನಾವಿಬ್ಬರೂ ಮಳೆ, ಬಿಸಿಲು, ಮಂಡಿನೋವು ಎಂದು ಮಾತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆ ಕಳಿಸುವ ಧೈರ್ಯವಾಗದೆ ನಿನ್ನ ಲೈಬ್ರರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಗಿಣಿ ಈಗ ನನ್ನ ವರ್ಕ್‌ಶಾಪಿನಲ್ಲಿದೆ. ಚಕ್ರ ಬಿಚ್ಚಿ ನಾಲ್ಕು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದೇನೆ. ಬೇರೆ ಕೆಲಸ ಬಿಟ್ಟು ಆಗಾಗ ಹೋಗಿ ಅದರ ಮುಂದೆ ನಿಲ್ಲುತ್ತೇನೆ. ಆ ಉದ್ದ ಮೂತಿ, ಪಕ್ಕದಲ್ಲಿ ಬೆಲ್ಟಿನಿಂದ ಬಿಗಿದ ಬಾನೆಟ್ಟು, ಒಬ್ಬರು ಕೂತರೆ ಇನ್ನೊಬ್ಬರು ಮಡಚಿಕೊಂಡು ಕೂರಬೇಕಾದ ಸೀಟು. ಮುದ್ದು ಬರುತ್ತದೆ. ಆಮೇಲೆ ಭಾವನ ಕಾಗದದ ಕೊನೆಯ ಸಾಲು ನೆನಪಾಗುತ್ತದೆ. ‘ನಿಮ್ಮಪ್ಪನಿಗೇ ಬಿಟ್ಟಿರಲಿಲ್ಲ.’ ಹೆಮ್ಮೆಯಿಂದ ಬರೆದಿದ್ದಾರೆ, ಅಕ್ಕಾ.

ಅಪ್ಪ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಭಾವ ಲಾರಿ ತಂದು ನಿಲ್ಲಿಸಿದ್ದು ನಿನಗೆ ಮರೆತಿರಲಾರದು. “ಶೆಡ್ ಸೋರುತ್ತೆ, ಮಾವ ಗುಣ ಆಗೋವರೆಗೂ ನಮ್ಮನೇಲಿರಲಿ” ಅಂದರು. ಅಪ್ಪ ಗುಣವಾಗಿ ಮನೆಗೆ ಬಂದರು, ಗಿಣಿ ಬರಲಿಲ್ಲ. ಕೇಳಿದಾಗಲೆಲ್ಲ ಇವತ್ತು ಟೈರಿಲ್ಲ, ನಾಳೆ ಲಾರಿಯಿಲ್ಲ. ಕೊನೆಗೆ ನಾನೇ ಅಪ್ಪನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನಿಮ್ಮ ಮನೆಗೆ ಬಂದೆ. ಕಾರಿನ ಸುತ್ತ ಹಗ್ಗ ಕಟ್ಟಿದ್ದರು. “ಒಂದ್ಸಲ ಕೂತು ಎದ್ದುಬಿಡ್ತೀನಪ್ಪ” ಅಂದರು ಅಪ್ಪ. ಭಾವ ಆ ಡಬ್ಬಿ ತೆಗೆದರು. “ಹಾಕ್ಕೊಳ್ಳಿ ಮಾವ, ತಪ್ಪು ತಿಳ್ಕೋಬೇಡಿ. ನಿಮ್ಮ ಕೈ ತುಂಬಾ ಬೆವರುತ್ತೆ.”

ಅಪ್ಪನ ಕೈ ಆಗಲೇ ನಡುಗುತ್ತಿತ್ತು. ಹೆಬ್ಬೆರಳು ಕಿರುಬೆರಳಿನ ಜಾಗಕ್ಕೆ ಹೋಗುತ್ತಿತ್ತು. ನಾನು ಹಾಕಿಕೊಡಲು ಹೋದರೆ ಮೊಣಕೈಯಿಂದ ತಳ್ಳಿದರು. ಕೊನೆಗೆ ಕೈಗವಸನ್ನು ಮಡಚಿ ಡಬ್ಬಿಯಲ್ಲಿಟ್ಟು, ಎರಡೂ ಕೈ ಜೇಬಿಗೆ ಹಾಕಿಕೊಂಡು, “ಇಲ್ಲಿಂದಾನೇ ಚೆನ್ನಾಗಿ ಕಾಣುತ್ತೆ ಬಿಡು” ಅಂದರು. ಆ ವರ್ಷವೇ ಹೋಗಿಬಿಟ್ಟರು. ನೀನು ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಈಗ ಹೇಳು, ಅದು ಕಾರ್ಖಾನೆಯ ಬಣ್ಣವೇ? ನಾನು ಮುಂದಿನ ಗಾಜಿಗೆ ಹಳೇ ಪೇಪರ್ ಅಂಟಿಸಿದ್ದು, ನೀನು ವ್ಯಾಕ್ಯೂಮ್ ಕ್ಲೀನರನ್ನು ಮಗುವಿನ ಹಾಗೆ ಎತ್ತಿಕೊಂಡು ಅಪ್ಪನ ಹಿಂದೆ ಹಿಂದೆ ನಡೆದದ್ದು, ಅಪ್ಪ ಅದರ ಊದುವ ಬಾಯಿಗೆ ಬಣ್ಣದ ಬಾಟಲಿ ಸಿಕ್ಕಿಸಿ ಗಿಣಿಗೆ ಮೂತಿಯಿಂದ ಬಾಲದವರೆಗೆ ಹಸಿರು ಸಿಂಪಡಿಸಿದ್ದು, ಬಣ್ಣ ಒಣಗುವ ಮೊದಲೇ ನಮ್ಮ ಕರಿಯ ಬಂದು ಮೈ ಉಜ್ಜಿ ಹೋಗಿದ್ದು. ನಾಯಿಯನ್ನು ಬಯ್ಯುವ ಬದಲು ಅಪ್ಪ ನಕ್ಕಿದ್ದು.

ತಾನೇ ಬಳಿದ ಬಣ್ಣವನ್ನು ಮುಟ್ಟಲು ಅಪ್ಪನಿಗೆ ಕೈಗವಸು ಕೊಟ್ಟರು, ಅಕ್ಕಾ.

ಪ್ರದರ್ಶನದವರಿಗೆ ಈಗಲೇ ಹೇಳಿದರೆ ಗಿಣಿಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಗೆದ್ದ ಮೇಲೆ ಭಾವನಿಗೆ ಹೇಳಿದರೆ ಇನ್ನೂ ಎತ್ತರದಿಂದ ಬೀಳುತ್ತಾರೆ. ಯಾವುದಾದರೂ ಒಂದು ಮಾಡದೆ ನನಗೆ ನಿದ್ದೆಯಿಲ್ಲ. ಆದರೆ ಎರಡರಲ್ಲಿಯೂ ಒಂದು ತೊಡಕಿದೆ. ಕಾರ್ಖಾನೆಯ ಬಣ್ಣ ಎಂದು ಭಾವನಿಗೆ ಹೇಳಿದವರು ಅಪ್ಪನೇ. ಭಾವನನ್ನು ಬೀಳಿಸಬೇಕಾದರೆ ಅಪ್ಪನನ್ನು ಸುಳ್ಳುಗಾರ ಅನ್ನಬೇಕು. ಇನ್ನೊಂದೂ ಇದೆ. ಇದೆಲ್ಲ ಅಪ್ಪನಿಗಾಗಿಯೋ, ಅಥವಾ ಗಿಣಿ ನನಗೆ ಸಿಗಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಅಪ್ಪನ ಅಂಗಿ ತೊಡಿಸುತ್ತಿದ್ದೇನೋ, ನನಗೇ ತಿಳಿಯುತ್ತಿಲ್ಲ.

ನೀನು ಏನು ಹೇಳುತ್ತೀಯ?

ನಿನ್ನ ತಂಗಿ


ಫೆಬ್ರವರಿ 4

ಮರಿ,

ನಿನ್ನ ಕಾಗದವನ್ನು ವಾಪಸು ಬಂದ ಪುಸ್ತಕಗಳ ನಡುವೆ ಕೂತು ಓದಿದೆ. ಓದಿ ಹರಿದೆ.

ಯಾರಿಗೂ ಏನೂ ಹೇಳಬೇಡ. ಪ್ರದರ್ಶನದವರಿಗೂ ಬೇಡ, ಇವರಿಗಂತೂ ಬೇಡವೇ ಬೇಡ. ಯಾಕೆ ಎಂದು ಕೇಳಬೇಡ. ಅಪ್ಪನ ಹೆಸರು ಕೆಡುತ್ತದೆ ಎಂದಲ್ಲ. ಅಪ್ಪ ಅದನ್ನೆಲ್ಲ ಲೆಕ್ಕಕ್ಕಿಡುವ ಮನುಷ್ಯನಲ್ಲ.

ತಟ್ಟೆ ಹಿಡಿದು ನಿಂತಿದ್ದೆ ಎಂದು ಬರೆದಿದ್ದೀಯ. ನಿಂತಿದ್ದೆ. ನಿಂತವಳಿಗೆ ಕಣ್ಣಿರಲಿಲ್ಲ ಎಂದುಕೊಳ್ಳಬೇಡ.

ಬ್ರೇಕ್ ಮಾತ್ರ ನೋಡು. ಊಟ ಹೊತ್ತಿಗೆ ಸರಿಯಾಗಿ ಮಾಡು.

ಅಕ್ಕ


ಫೆಬ್ರವರಿ 23

ಅಕ್ಕಾ,

ಬೇಡ ಎಂದರೆ ಬೇಡ, ಕಾರಣ ಮಾತ್ರ ಹೇಳುವುದಿಲ್ಲ. ಚಿಕ್ಕವಳಿದ್ದಾಗಿನಿಂದ ನಿನ್ನದು ಇದೇ ಆಯಿತು. ಸಂಸಾರದಲ್ಲಿ ಗಾಳಿ ಬೀಸದಿರಲಿ ಎಂಬ ಆಸೆ ಇರಬೇಕು. ಅದು ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಬ್ರೇಕ್ ಮುಗಿಯಿತು. ಪರೀಕ್ಷೆಗೆಂದು ಗಿಣಿಯನ್ನು ಕೆರೆಯ ಹಿಂದಿನ ಏರುದಾರಿಗೆ ಒಯ್ದೆ. ಮೊದಲು ಮೆಲ್ಲಗೆ ಹೋಗಿ ಬರೋಣ ಎಂದುಕೊಂಡಿದ್ದೆ. ಎರಡನೇ ತಿರುವಿನಲ್ಲಿ ಗಿಣಿಯೇ ಇನ್ನೂ ವೇಗ ಕೇಳಿತು. ಹಾಗೆ ಹೇಳಿದರೆ ನೀನು ನಗುತ್ತೀಯ, ಆದರೆ ಎಂಜಿನ್ನು ಒಂದು ದನಿಯಿಂದ ಇನ್ನೊಂದು ದನಿಗೆ ಹೋಗುವ ಆ ಕ್ಷಣ ಅಪ್ಪ ನನ್ನ ಭುಜ ತಟ್ಟಿ “ಈಗ ಬಿಡು” ಅನ್ನುತ್ತಿದ್ದರಲ್ಲ, ಅಲ್ಲಿಯೇ ಬಿಟ್ಟೆ. ಗಾಳಿ ಕಿವಿಗೆ ಹೊಡೆಯಿತು, ಸ್ಟೀರಿಂಗ್ ಅಂಗೈಯಲ್ಲಿ ಜೀವ ಇರುವ ಹಾಗೆ ಒದ್ದಾಡಿತು. ಮೇಲಿನ ತಿರುವಿನಲ್ಲಿ ಬ್ರೇಕ್ ತುಳಿದರೆ ನಾಲ್ಕೂ ಚಕ್ರ ಒಟ್ಟಿಗೆ ಹಿಡಿದವು. ಒಂದು ಕೂದಲೆಳೆಯಷ್ಟೂ ಪಕ್ಕಕ್ಕೆ ಎಳೆಯಲಿಲ್ಲ. ಅಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಬರಿಗೈ ಇಟ್ಟು ನಿಂತೆ. ಬಿಸಿಯಾಗಿತ್ತು. ಕೈ ಬೆವರುತ್ತಿತ್ತು. ಒರೆಸಲಿಲ್ಲ.

ಇಂಥ ಕಾರನ್ನು ಹಗ್ಗದೊಳಗೆ ನಿಲ್ಲಿಸಿದ್ದಾರೆ.

ನಾಳೆ ವಾಪಸು ಕಳಿಸುತ್ತೇನೆ. ಪ್ರದರ್ಶನದವರಿಗೆ ನಾನು ಬರೆಯುವುದಿಲ್ಲ. ಅಷ್ಟು ನಿನ್ನ ಮಾತು ನಡೆಸಿದ್ದೇನೆ. ಉಳಿದದ್ದಕ್ಕೆ ಭಾಷೆ ಕೊಡಲಾರೆ.

ನಿನ್ನ ತಂಗಿ


ಮಾರ್ಚ್ 16

ಸ್ಪ್ಯಾನರ್ ಮೇಡಂ,

ಗೆದ್ದೆವು.

ಮೂವರು ತೀರ್ಪುಗಾರರು. ಒಬ್ಬರ ಕೈಯಲ್ಲಿ ಟಾರ್ಚು, ಒಬ್ಬರ ಕೈಯಲ್ಲಿ ಭೂತಗನ್ನಡಿ, ಮೂರನೆಯವರಿಗೆ ಮೂಗೇ ಸಾಕು, ಬಣ್ಣವನ್ನು ಮೂಸಿ ವಯಸ್ಸು ಹೇಳುತ್ತಾರಂತೆ. ಮಂಡಿಯೂರಿ ಇಂಚಿಂಚೂ ನೋಡಿದರು. ಬಣ್ಣದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆಯಲ್ಲ, ಕಿತ್ತಳೆ ಸಿಪ್ಪೆಯ ಹಾಗೆ, ಅದನ್ನು ನೋಡಿ ಭೂತಗನ್ನಡಿಯವರು “ಈ ಕೈಚಳಕ ಈಗೆಲ್ಲಿ ಸಿಗುತ್ತೆ ಸ್ವಾಮಿ” ಅಂದರು. ಬಾಲದ ಹತ್ತಿರ ಬಣ್ಣದೊಳಗೆ ಸಿಕ್ಕಿಕೊಂಡಿರುವ ಆ ಕೂದಲು ನಿನಗೂ ಗೊತ್ತಲ್ಲ. ಆ ಕಾರ್ಖಾನೆಯ ಬಣ್ಣಗಾರನ ಮೀಸೆಯದ್ದೇ ಇರಬೇಕು ಎಂದು ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೆ. ಅವರೂ ಒಪ್ಪಿದರು. ಫೋಟೋ ತೆಗೆದುಕೊಂಡು ಹೋದರು.

ವೇದಿಕೆಯ ಮೇಲೆ ಎರಡು ಮಾತಾಡಿ ಎಂದರು. ಬಣ್ಣ ಇಷ್ಟು ಚೆನ್ನಾಗಿ ಹೇಗೆ ಉಳಿಯಿತು ಎಂದು ಕೇಳಿದರು. “ನೋಡಿ, ಹೆಣ್ಣು ಕೊಟ್ಟ ಮಾವನಿಗೇ ಕೈಗವಸು ಹಾಕ್ಕೊಳ್ಳಿ ಅಂದವನು ನಾನು” ಅಂದೆ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಿಮ್ಮಕ್ಕನೂ ಮೊದಲ ಸಾಲಿನಲ್ಲಿ ಕೂತಿದ್ದಳು.

ಬಹುಮಾನದ ಕಪ್ಪಿನಲ್ಲಿ ಅರ್ಧ ನಿನ್ನದು. ಬ್ರೇಕ್ ಬೆಣ್ಣೆ.

ನಿನ್ನ ಭಾವ


ಮಾರ್ಚ್ 24

ಭಾವನವರಿಗೆ,

ಅಭಿನಂದನೆಗಳು. ಕಪ್ಪಿನಲ್ಲಿ ಅರ್ಧ ನನ್ನದು ಎಂದಿದ್ದೀರಿ. ನನಗಿಂತ ಹೆಚ್ಚು ಪಾಲು ಇರುವವರ ಬಗ್ಗೆ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಮೀಸೆಯ ಕೂದಲು ನಮ್ಮ ನಾಯಿಯದು. ಕರಿಯ ಎಂದು ಹೆಸರು, ನೀವು ನಮ್ಮ ಮನೆಗೆ ಬರುವ ಹೊತ್ತಿಗೆ ಸತ್ತಿತ್ತು. ನಿಮ್ಮ ಕಾರಿನ ಬಣ್ಣ ಕಾರ್ಖಾನೆಯದ್ದಲ್ಲ. ಮೊದಲಿನ ಬಣ್ಣವನ್ನು ಅಪ್ಪ ಒಂದು ಬೇಸಿಗೆಯಲ್ಲಿ ಉಜ್ಜಿ ಉಜ್ಜಿ ತಗಡಿನವರೆಗೆ ತೆಗೆದಿದ್ದರು. ಎರಡು ಡಬ್ಬಿ ಹಸಿರನ್ನು ಬಕೆಟ್ಟಿನಲ್ಲಿ ಕಲಸಿ, ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಇತ್ತಲ್ಲ, ಅದರ ಊದುವ ಬಾಯಿಂದ ಹಿತ್ತಲಲ್ಲಿ ನಿಂತು ಸಿಂಪಡಿಸಿದರು. ಗಾಳಿಯ ಒತ್ತಡ ಸಾಲದೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಕೂತಿತು. ತೀರ್ಪುಗಾರರು ಮೆಚ್ಚಿದ ಕೈಚಳಕ ಅದು. ನಾನು ಪೇಪರ್ ಅಂಟಿಸಿದೆ. ಯಂತ್ರವನ್ನು ಹೊತ್ತವಳು ಅಕ್ಕ.

ಅಪ್ಪ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಅಕ್ಕನನ್ನು ಕೇಳಲು ನೀವು ಮೊದಲ ಸಲ ಮನೆಗೆ ಬಂದಿರಿ. ಕುರ್ಚಿಯಲ್ಲಿ ಕೂರುವ ಮೊದಲು ಶೆಡ್ಡಿಗೆ ಹೋದಿರಿ. “ಕಾರ್ಖಾನೆ ಬಣ್ಣಾನಾ ಸಾರ್?” ಅಂದಿರಿ. ಅಪ್ಪ ಒಂದು ಸಲ ಅಕ್ಕನ ಮುಖ ನೋಡಿದರು. ಅವಳಿಗೆ ನೀವು ಬೇಕಾಗಿದ್ದಿರಿ. “ಇನ್ನೇನು ಮತ್ತೆ” ಅಂದರು. ಅಪ್ಪ ಆಡಿದ್ದನ್ನು ನಾನು ಕೇಳಿದ ಒಂದೇ ಸುಳ್ಳು ಅದು. ಮಗಳಿಗಾಗಿ ಹೇಳಿದ್ದನ್ನು ಮಗಳಿಗಾಗಿಯೇ ಕೊನೆಯವರೆಗೆ ಉಳಿಸಿಕೊಂಡರು. ನೀವು ಕೈಗವಸಿನ ಡಬ್ಬಿ ಚಾಚಿದಾಗ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು, ತಮ್ಮ ಕಾರಿನಲ್ಲಿ ಕೂತಿರುತ್ತಿದ್ದರು. ಹೇಳಲಿಲ್ಲ. ಜೇಬಿಗೆ ಕೈ ಹಾಕಿಕೊಂಡರು.

ನೀವು ಅದನ್ನು ಸಭೆಗೆ ಹೇಳಿ ನಗಿಸದೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಬರೆಯುತ್ತಿದ್ದೆ ಎಂದೇ ಕಾಣುತ್ತದೆ. ನಾನು ಬೇರೆ ಯಾರಿಗೂ ಹೇಳುವುದಿಲ್ಲ. ಕಪ್ ನಿಮ್ಮ ಹಜಾರದಲ್ಲೇ ಇರಲಿ. ಬಂದವರು ಬಣ್ಣದ ಬಗ್ಗೆ ಕೇಳಿದಾಗಲೆಲ್ಲ ನೀವೂ “ಇನ್ನೇನು ಮತ್ತೆ” ಎನ್ನಬೇಕು. ಕೊನೆಯವರೆಗೆ ಹೇಳಿಕೊಂಡಿರಿ. ಅದು ಎಷ್ಟು ಭಾರ ಎಂದು ಅಪ್ಪನಿಗೆ ಗೊತ್ತಿತ್ತು, ನಿಮಗೂ ಗೊತ್ತಾಗಲಿ.

ನನ್ನ ಮಾತು ಉಳಿಸಿಕೊಂಡಿದ್ದೇನೆ. ನಿಮ್ಮ ಬಣ್ಣಕ್ಕೆ ನನ್ನ ಕೈಯಿಂದ ಏನೂ ಆಗಿಲ್ಲ.

ನಾದಿನಿ


ಏಪ್ರಿಲ್ 19

ಅಕ್ಕಾ,

ಬರೆದುಬಿಟ್ಟೆ. ನಿನಗೆ ಗೊತ್ತಾಗಿರಬೇಕು.

ಅಂಚೆಗೆ ಹಾಕಿ ಬಂದ ದಿನ ಹಬೆ ಹೋದ ಕುಕ್ಕರಿನ ಹಾಗೆ ಹಗುರಾಗಿದ್ದೆ. ಒಂದು ವಾರ ಕೆಲಸದಲ್ಲಿ ಸಿಳ್ಳೆ ಹಾಕುತ್ತಿದ್ದೆನಂತೆ, ನನ್ನ ಜೊತೆಗಿನ ವೆಲ್ಡರ್ ಹೇಳಿದ. “ಏನ್ ಮೇಡಂ, ಲಾಟರಿ ಹೊಡೀತಾ?” ಎಂದು ಕೇಳಿದ. ಆಮೇಲಿನ ವಾರದಿಂದ ನಿನ್ನ ಮುಖವೇ ಕಣ್ಣಿಗೆ ಕಟ್ಟುತ್ತಿದೆ. ಭಾವನ ಮುಖ ಬಿದ್ದುಹೋಗುವುದನ್ನು ಊಹಿಸಿಕೊಂಡಿದ್ದೆ, ಅದರ ಎದುರಿಗೆ ಊಟಕ್ಕೆ ಕೂರುವವಳು ನೀನು ಎಂಬುದನ್ನು ಊಹಿಸಿಕೊಂಡಿರಲಿಲ್ಲ. ಯಂತ್ರ ಹೊತ್ತವಳು ನೀನು ಎಂದು ಬರೆದೆ. ಅದನ್ನು ಬರೆಯದೆಯೂ ವಿಷಯ ಹೇಳಬಹುದಿತ್ತು. ಯಾಕೆ ಬರೆದೆ ಎಂದು ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೇನೆ. ಬರುವ ಉತ್ತರ ಇಷ್ಟವಾಗುತ್ತಿಲ್ಲ.

ಅಲ್ಲಿ ಏನಾಗುತ್ತಿದೆ? ಬೈಯುವುದಾದರೂ ಬರೆದು ಬೈಯಿ.

ನಿನ್ನ ತಂಗಿ


ಮೇ 11

ಸ್ಪ್ಯಾನರ್,

ನಿನ್ನ ಕಾಗದವನ್ನು ನೂರು ಸಲ ಓದಿರಬೇಕು. ಮೊದಲ ಸಲ ಓದಿದಾಗ ಗ್ಯಾರೇಜಿನ ನೆಲದ ಮೇಲೆ ಕೂತುಬಿಟ್ಟೆ. ನಿನಗೆ ಅದು ಬೇಕಿತ್ತು ಎಂದು ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಕರಿಯನ ಕೂದಲು ನೆನಪಾಯಿತು. ಮೀಸೆ ಎಂದು ನಾನು ಲೇಖನವನ್ನೇ ಬರೆದಿದ್ದೆ, ಪತ್ರಿಕೆಯಲ್ಲಿ ಅಚ್ಚಾಗಿತ್ತು. ನಗು ಬಂತು. ತಡೆಯಲಾಗಲಿಲ್ಲ. ಎಂಥ ಕಿಲಾಡಿ ನಿಮ್ಮಪ್ಪ. ಇಷ್ಟು ವರ್ಷ ನನ್ನನ್ನು ನಾಯಿಕೂದಲಿನ ಮುಂದೆ ಕೂರಿಸಿದರಲ್ಲ.

ಕಪ್ ವಾಪಸು ಕೊಟ್ಟೆ. ಸುಮ್ಮನೆ ಕೊಡಲಿಲ್ಲ, ಹಳೇ ಕಾರುಗಳ ಸಂಘದ ಸಭೆಯಲ್ಲಿ ಎದ್ದು ನಿಂತು ಪೂರ್ತಿ ಕಥೆ ಹೇಳಿದೆ. ವ್ಯಾಕ್ಯೂಮ್ ಕ್ಲೀನರ್ ಅಂದಾಗ ಮೂಸಿ ನೋಡಿದ ತೀರ್ಪುಗಾರರು ಮೇಜಿನ ಕೆಳಗೆ ಹೋಗುವುದೊಂದು ಬಾಕಿ. ಕೊನೆಗೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಇಂಥ ಪ್ರಾಮಾಣಿಕರು ಅಪರೂಪ ಎಂದು ಮುಂದಿನ ವರ್ಷಕ್ಕೆ ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದ್ದಾರೆ. ಗ್ರಹಚಾರ ನೋಡು.

ಹಗ್ಗ ಬಿಚ್ಚಿದ್ದೇನೆ. ಇನ್ನು ಏನನ್ನು ಕಾಪಾಡಲಿ? ದಿನಾ ಓಡಿಸುತ್ತೇನೆ. ತರಕಾರಿಗೂ ಅದರಲ್ಲೇ ಹೋಗುತ್ತೇನೆ. ಇಂಥ ಸುಖ ಗೊತ್ತೇ ಇರಲಿಲ್ಲ. ನಿನಗೆ ನನ್ನ ಮೇಲಿರುವ ಸಿಟ್ಟು ನ್ಯಾಯವಾದದ್ದು. ಮಾವನ ವಿಷಯದಲ್ಲಿ ನಾನು ಮಾಡಿದ್ದು ತಪ್ಪು. ಆದರೆ ನೀನು ಮಾಡಿದ ಉಪಕಾರವನ್ನು ನಾನು ಮರೆಯುವುದಿಲ್ಲ.

ನಿನ್ನ ಭಾವ


ಜೂನ್ 21

ಮರಿ,

ಬರೆಯಬಾರದು ಎಂದೇ ಇದ್ದೆ. ಇವರು ನಿನಗೆ ಬರೆದದ್ದನ್ನು ನನಗೆ ಓದಿ ಹೇಳಿದರು. ‘ಉಪಕಾರ’ ಎಂಬಲ್ಲಿ ನಿಲ್ಲಿಸಿ, “ಸರಿಯಾಗಿದೆಯಾ?” ಎಂದು ಕೇಳಿದರು. ಸರಿಯಾಗಿದೆ ಅಂದೆ.

ಸಂಸಾರದಲ್ಲಿ ಗಾಳಿ ಬೀಸದಿರಲಿ ಎಂದು ನಾನು ಬೇಡ ಅಂದೆ ಎಂದುಕೊಂಡಿದ್ದೆ ನೀನು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಎಂಜಿನ್ನಿನ ಸದ್ದಿನಲ್ಲೇ ರೋಗ ಹೇಳುತ್ತೀಯ. ಅಕ್ಕನ ವಿಷಯದಲ್ಲಿ ಮಾತ್ರ ಹೆಬ್ಬೆಟ್ಟು.

ಅಪ್ಪ ಹೋದ ಮೇಲೆ ಭಾನುವಾರ ಬಂತೆಂದರೆ ಇವರು ಹಗ್ಗ ಸರಿಸಿ, ಕೈಗವಸು ಹಾಕಿಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಗಿಣಿಯ ಧೂಳು ತೆಗೆಯಲು ಕೂರುತ್ತಿದ್ದರು. ಉಸಿರು ಬಿಗಿಹಿಡಿದು ಒರೆಸುತ್ತಿದ್ದರು. ನಾನು ಟೀ ತಂದು ನಿಂತು ನೋಡುತ್ತಿದ್ದೆ. ಅಪ್ಪನಿಗೆ ಕೈಗವಸು ಚಾಚಿದ ಮನುಷ್ಯ ಅಪ್ಪನ ಬಕೆಟ್ ಬಣ್ಣದ ಮುಂದೆ ಮಂಡಿಯೂರಿರುತ್ತಿದ್ದ. “ಬಾಲದ ಹತ್ತಿರ ಇನ್ನೂ ಸ್ವಲ್ಪ ಇದೆ ನೋಡಿ” ಅನ್ನುತ್ತಿದ್ದೆ. ಪಾಪ, ಮತ್ತೆ ಬಗ್ಗುತ್ತಿದ್ದರು. ಮಂಡಿ ನೋವು ಎಂದರೆ ನಾನೇ ಚಾಪೆ ತಂದು ಹಾಕುತ್ತಿದ್ದೆ, ಕೆಲಸ ನಿಲ್ಲದಿರಲಿ ಎಂದು. ವಾರವೆಲ್ಲ ಇವರ ಮಾತು ಕೇಳಿಕೊಂಡಿರಲು ನನಗೆ ಆ ಒಂದು ಬೆಳಗ್ಗೆ ಸಾಕಾಗುತ್ತಿತ್ತು. ಸಭೆಯಲ್ಲಿ ಕೈಗವಸಿನ ಮಾತು ಹೇಳಿ ನಗಿಸಿದಾಗಲೂ ಮೊದಲ ಸಾಲಿನಲ್ಲಿ ಕೂತು ನಕ್ಕೆ. ಅಲ್ಲಿದ್ದವರಲ್ಲಿ ನಿಜವಾಗಿ ನಕ್ಕವಳು ನಾನೊಬ್ಬಳೇ. ಇವರು ಮಣ್ಣಿಗೆ ಹೋಗುವವರೆಗೂ ನಡೆಯಬೇಕಿತ್ತು ಅದು.

ನೀನು ಒಂದೇ ಏಟಿಗೆ ಮುಗಿಸಲು ಹೋದೆ. ನಾನು ಸಣ್ಣ ಉರಿಯಲ್ಲಿ ಇಟ್ಟಿದ್ದೆ.

ನಿನ್ನ ಕಾಗದ ಬಂದ ದಿನ ಇವರು ನೆಲಕ್ಕೆ ಕೂತದ್ದು ನಿಜ. ಹೋಗಲಿ, ಇಷ್ಟಾದರೂ ನೋಡೋಣ ಎಂದು ನಾನೂ ಬಾಗಿಲಿಗೆ ಬಂದು ನಿಂತೆ. ಟೀ ಆರುವ ಮೊದಲೇ ನಗಲು ಶುರುಮಾಡಿದರು. ಆ ಮನುಷ್ಯನಿಗೆ ಸೋಲುವುದೇ ಬರುವುದಿಲ್ಲ. “ನಿಂಗೆ ಗೊತ್ತಿತ್ತೇನೇ?” ಎಂದು ಕೇಳಿದರು. “ಅಯ್ಯೋ, ಮರೆತೇಹೋಗಿತ್ತು ರೀ” ಅಂದೆ. ನಂಬಿದರು. ನನ್ನ ಬಗ್ಗೆ ಏನು ಹೇಳಿದರೂ ನಂಬುತ್ತಾರೆ, ಅಷ್ಟು ಗಮನ ಕೊಟ್ಟು ನೋಡಿದವರಲ್ಲ.

ಮೊದಲು ಕಾರು ಮಾತ್ರ ಇವರದಾಗಿತ್ತು. ಈಗ ಅಪ್ಪನ ಸುಳ್ಳೂ ಇವರದೇ. ಬಂದವರ ಮುಂದೆಲ್ಲ ಅಪ್ಪನ ಹಾಗೆ ಕತ್ತು ಓರೆ ಮಾಡಿ “ಇನ್ನೇನು ಮತ್ತೆ” ಅಂತ ಮಾಡಿ ತೋರಿಸುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ. ನಿನ್ನೆ ಅಡುಗೆಮನೆಯಲ್ಲಿದ್ದವಳು ಅಪ್ಪನೇ ಮಾತಾಡಿದರು ಎಂದು ತಿರುಗಿ ನೋಡಿದೆ.

ನಿನ್ನ ಮೇಲೆ ಕೋಪ ಇಲ್ಲ ಎಂದರೆ ಸುಳ್ಳಾಗುತ್ತದೆ. ಅಪ್ಪನ ಬಗ್ಗೆ ನೀನು ಪಟ್ಟ ಸಂಕಟ ನಿಜವೇ. ಅವರು ನಿನಗೊಬ್ಬಳಿಗೇ ಅಪ್ಪ ಆಗಿರಲಿಲ್ಲ ಎಂಬುದು ನಿನಗೆ ಹೊಳೆಯಲಿಲ್ಲ, ಅಷ್ಟೇ.

ಇವತ್ತು ಭಾನುವಾರ. ಇವರು ಸಂಘದ ಯಾರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಗಿಣಿಯಲ್ಲಿ ಹೋಗಿದ್ದಾರೆ. ಮನೆ ನಿಶ್ಶಬ್ದವಾಗಿದೆ. ಬೆಳಗ್ಗೆಯಿಂದ ಕೂತು, ಇನ್ನು ನನಗೆ ಏನು ಉಳಿದಿದೆ ಎಂದು ಯೋಚಿಸಿದೆ. ಇವರು ಕಣ್ಣುಮುಚ್ಚಿ ನಂಬಿರುವಂಥದ್ದು ಈ ಮನೆಯಲ್ಲಿ ಇನ್ನೂ ಒಂದಿದೆ. ಅದರ ನಿಜ ಗೊತ್ತಿರುವವಳು ನಾನೊಬ್ಬಳೇ.

ಏನು ಎಂದು ಕೇಳಿ ಬರೆಯಬೇಡ. ಈ ಸಲ ನಿನಗೂ ಹೇಳುವುದಿಲ್ಲ.

ಅಕ್ಕ